ಗಿರಿಜಕ್ಕನ ಜುಟ್ಟುಕಳ್ಳಿ

ಯಾವ ಮಗುವನ್ನು ಎತ್ತಿಕೊಂಡರೂ ಗಿರಿಜಕ್ಕನ ಹೆಬ್ಬೆರಳು ಮೊದಲು ಅದರ ನೆತ್ತಿಗೆ ಹೋಗುತ್ತಿತ್ತು. ವೇಣೂರಿನ ಸುತ್ತಮುತ್ತ ಮನೆಮನೆಗೆ ನಡೆದು ಲಸಿಕೆ ಹಾಕಿದ ನರ್ಸು ಅವರು. ನಿವೃತ್ತರಾದ ಮೇಲೆ ಅದೇ ಹೆಬ್ಬೆರಳು ಕಳ್ಳಿಗಿಡಗಳ ತಲೆಯ ಮೇಲೆ, ಮುಳ್ಳು ತಾಗದ ಹಾಗೆ ಆಡುತ್ತಿತ್ತು.

ಅವರದು ನಮ್ಮ ಪಕ್ಕದ ಮನೆ. ಅಂಗಳದ ಬದಿಯಲ್ಲಿ ಫೈಬರ್ ಶೀಟಿನ ಕೆಳಗೆ ಹದಿನಾಲ್ಕು ಕುಂಡಗಳಿದ್ದವು, ಎಲ್ಲವೂ ಜುಟ್ಟುಕಳ್ಳಿಗಳೇ. ಸಾಮಾನ್ಯ ಕಳ್ಳಿ ಒಂದು ತುದಿಯಿಂದ ನೆಟ್ಟಗೆ ಮೇಲೇರುತ್ತದೆ. ಎಲ್ಲೋ ಅಪರೂಪಕ್ಕೆ ಒಂದರಲ್ಲಿ ಆ ತುದಿಯೇ ಗೆರೆಯಾಗಿ ಅಗಲಗೊಂಡು, ಗಿಡ ಹುಂಜದ ಜುಟ್ಟಿನಂತೆ ಮಡಿಕೆ ಮಡಿಕೆಯಾಗಿ ಹರಡುತ್ತದೆ. "ನಮಗೆಲ್ಲ ಒಂದು ನೆತ್ತಿ ಮಾರಾಯ್ತಿ, ಇದಕ್ಕೆ ಉದ್ದಕ್ಕೂ ನೆತ್ತಿಯೇ" ಎನ್ನುತ್ತಿದ್ದರು.

ಒಮ್ಮೆ ಹಾಲು ಸೊಸೈಟಿಯ ಶೀನಣ್ಣ ಚಾ ಕುಡಿಯುತ್ತಾ, "ಇದೆಂತ ಸಿಸ್ಟರೇ, ಗಿಡಕ್ಕೆ ಸೀಕಾ?" ಎಂದು ಕೇಳಿದ.

"ಸೀಕಲ್ಲ. ಅದು ಇರುವುದೇ ಹಾಗೆ."

"ಹಾಗಾದ್ರೆ ನೀವು ಇಂಜೆಕ್ಷನ್ ಕೊಟ್ಟದ್ದೇ."

ಗಿರಿಜಕ್ಕ ನಗದೆ ಅವನ ತೋಳು ನೋಡಿದರು. "ನಿಂದೊಂದು ಬಾಕಿ ಉಂಟಲ್ಲ ಶೀನ." ಶೀನಣ್ಣ ಅರ್ಧ ಚಾ ಬಿಟ್ಟು ಎದ್ದ.

ನಮ್ಮ ಮಳೆಗೆ ಕಳ್ಳಿ ಬದುಕುವುದೇ ಕಷ್ಟ. ನೀರು ನಿಲ್ಲದ ಹಾಗೆ ಮುರಕಲ್ಲಿನ ಚೂರು, ಹೊಯಿಗೆ, ಇದ್ದಿಲು ಸೇರಿಸಿ ಕುಂಡ ತುಂಬುತ್ತಿದ್ದರು. ಮಳೆಗಾಲದ ಹೊಸ್ತಿಲಲ್ಲಿ, ಪತ್ತನಾಜೆಗೆ ಯಕ್ಷಗಾನ ಮೇಳದವರು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ದಿನವೇ ಇವುಗಳಿಗೂ ನೀರು ಬಂದ್, ಮತ್ತೆ ದೀಪಾವಳಿಗೆ. ಕೊಳೆ ಬಂದರೆ ಬ್ಲೇಡಿಗೆ ಸ್ಪಿರಿಟ್ ಒರೆಸಿ, ಒಳ್ಳೆಯ ತಿರುಳು ಕಾಣುವವರೆಗೆ ಕತ್ತರಿಸಿ, ಉಳಿದದ್ದನ್ನು ಡ್ರ್ಯಾಗನ್ ಫ್ರೂಟ್ ಬಳ್ಳಿಯ ತುಂಡಿನ ಮೇಲಿಟ್ಟು ರಬ್ಬರ್ ಬ್ಯಾಂಡ್ ಹಾಕಿ ಕಸಿ ಮಾಡುತ್ತಿದ್ದರು. ಕೊಳೆಗಿಂತ ಅವರಿಗೆ ಹೆದರಿಕೆ ನೆಟ್ಟಗಿನ ಚಿಗುರಿನದು. ಜುಟ್ಟಿನ ಬುಡದಲ್ಲಿ ಕೆಲವೊಮ್ಮೆ ಸಾಮಾನ್ಯ ಕಳ್ಳಿಯ ಚಿಗುರೊಂದು ಹೊರಡುತ್ತದೆ. "ನೋಡ್ಲಿಕ್ಕೆ ಅದೇ ಚಂದ, ಅದೇ ಆರೋಗ್ಯ. ಬಿಟ್ಟರೆ ಜುಟ್ಟಿನ ಪಾಲನ್ನೆಲ್ಲ ಅದೇ ತಿಂತದೆ. ಕಡಲೆಯಷ್ಟಿರುವಾಗಲೇ ತೆಗೀಬೇಕು."

ಕಳೆದ ಮಳೆಗಾಲದಲ್ಲಿ ಹೊಟ್ಟೆಯ ಗಡ್ಡೆಯ ಆಪರೇಷನ್ನಿಗೆ ಅವರು ಮಂಗಳೂರಿಗೆ ಹೊರಟರು. ಬ್ಲೇಡನ್ನೂ ಸ್ಪಿರಿಟಿನ ಬಾಟಲಿಯನ್ನೂ ನನ್ನ ಕೈಗಿತ್ತು, "ಉಳಿದದ್ದು ಹೋದ್ರೂ ಅಡ್ಡಿಲ್ಲ, ಹಳೆಯದನ್ನು ನೋಡಿಕೊ" ಅಂದರು. ಮೂಡುಬಿದಿರೆಯ ಸಂತೆಯಲ್ಲಿ ವಿಕಾರವೆಂದು ಯಾರೋ ಬದಿಗಿಟ್ಟದ್ದನ್ನು ತಂದು ಸಾಕಿದ ಗಿಡ ಅದು. ಅಂಗೈಯಗಲ ಬರಲು ಇಪ್ಪತ್ತು ವರ್ಷ ಹಿಡಿದಿತ್ತು.

ದಿನವೂ ಗಿಡ ನೋಡಿ ಕ್ಯಾಲೆಂಡರಿನ ಚೌಕದಲ್ಲಿ ಬರೆದಿಡುತ್ತಿದ್ದೆ. ಒಂದು ಬೆಳಿಗ್ಗೆ ಹಳೆಯದರ ಬುಡದಲ್ಲಿ ಕಡಲೆಯಷ್ಟು ಹಸಿರು ಕಂಡಿತು. ಬ್ಲೇಡಿಗೆ ಸ್ಪಿರಿಟ್ ಒರೆಸುತ್ತಿದ್ದಾಗ ಅವರ ತಮ್ಮನ ಫೋನು ಬಂತು. ಆಪರೇಷನ್ ಮುಗಿದಿದೆ, ಅಕ್ಕನಿಗೆ ಎಚ್ಚರವಾಗಿದೆ ಎಂದರು. ಆ ದಿನ ಚಿಗುರು ಕತ್ತರಿಸಲು ಕೈ ಬರಲಿಲ್ಲ. ಚೌಕದಲ್ಲಿ 'ನಾಳೆ' ಎಂದು ಬರೆದೆ. ಮರುದಿನದ ಚೌಕದಲ್ಲಿಯೂ ಅದೇ ಉಂಟು. ಆಮೇಲೆ ಬರೆಯುವುದನ್ನು ಬಿಟ್ಟೆ.

ದೀಪಾವಳಿಗೆ ಮೊದಲು ಅವರು ಮರಳಿದಾಗ ಚಿಗುರು ಬೆರಳುದ್ದವಾಗಿತ್ತು. ಜುಟ್ಟಿನ ಅಂಚು ಕಂದಿ ಬಿರುಸಾಗಿತ್ತು. ಕುರ್ಚಿ ಹಾಕಿಸಿಕೊಂಡು ಕುಳಿತು ತುಂಬ ಹೊತ್ತು ನೋಡಿದರು.

"ಗೊತ್ತಿದ್ದೂ ಬಿಟ್ಟದ್ದಾ?"

"ಹೌದಕ್ಕ. ನಿಮಗೆ ಎಚ್ಚರ ಆದ ದಿನ ಬಂದದ್ದು."

ಬ್ಲೇಡು ಚಾಚಿದೆ. ಅಭ್ಯಾಸಬಲದಿಂದ ಅದನ್ನು ಒರೆಸಿದರು. ಕತ್ತರಿಸಲಿಲ್ಲ. ಮತ್ತೆ ಕಾಗದದಲ್ಲಿ ಸುತ್ತಿ ನನ್ನ ಕೈಗೇ ಕೊಟ್ಟರು.

"ಇರ್ಲಿ. ಅದಾದ್ರೂ ಮೇಲೆ ಹೋಗ್ಲಿ."

ಮರಳಿದ ಮೂರನೆಯ ವಾರ ಅವರು ತೀರಿಕೊಂಡರು. ನನಗೆ ಅಳು ಬರಲಿಲ್ಲ. ಬಂದವರಿಗೆ ಚಾ ಮಾಡಿ ಕೊಟ್ಟೆ, ಲೋಟ ತೊಳೆದಿಟ್ಟೆ. ಹದಿಮೂರು ಕುಂಡಗಳನ್ನು ಅವರ ತಮ್ಮ ಬಂಟ್ವಾಳಕ್ಕೆ ಒಯ್ದರು. ಹಳೆಯದು ನನ್ನಲ್ಲಿ ಉಳಿಯಿತು. ಬೇಸಗೆಯಲ್ಲಿ ಜುಟ್ಟು ಪೂರಾ ಒಣಗಿ ಕಳಚಿ ಬಿತ್ತು. ಹೆಕ್ಕಿದರೆ ಭಾರವೇ ಇರಲಿಲ್ಲ.

ಮೊನ್ನೆ ಶೀನಣ್ಣ ಹಾಲಿನ ಕ್ಯಾನು ಕೆಳಗಿಟ್ಟು ಗೇಣುದ್ದದ ಕಳ್ಳಿಯನ್ನು ನೋಡಿ ಹೇಳಿದ, "ಈಗ ಗಿಡ ಸರಿಯಾಯ್ತು ನೋಡಿ."

ಹೌದು ಎಂದೆ. ಅಂದು ಪತ್ತನಾಜೆ. ಒಳಗೆ ಹೋಗಿ ಕ್ಯಾಲೆಂಡರಿನ ಚೌಕದಲ್ಲಿ 'ನೀರು ಬಂದ್' ಎಂದು ಬರೆದೆ.