ಗಟ್ಟಿ ಪೈಪು

ಕೇಳ್ರಮ್ಮಾ, ಇವತ್ತು ನಮ್ಮ ಯಜಮಾನರು ಅಂಗಳದಲ್ಲೇ ಹಳೇ ಕಾರಿನ ಹೊಗೆ ಪೈಪು ಬದಲಾಯಿಸಿದರು. ತೂತಾಗಿದ್ದು ಬಾಗುವ ಜಾಲರಿ ಪೈಪು. ಇವರು ಬೆಸೆದದ್ದು ಪೀಣ್ಯದ ಕಾರ್ಖಾನೆಯಿಂದ ತಂದ ಗಟ್ಟಿ ಕಬ್ಬಿಣದ್ದು.

"ಇಂಜಿನ್ ಅಲ್ಲಾಡ್ದಾಗ ಬಾಗ್ಲಿ ಅಂತಲ್ವೇನ್ರೀ ಅದಿರೋದು?" ಅಂದೆ.

"ಇಪ್ಪತ್ತು ವರ್ಷದ ಫಿಟ್ಟರ್‌ಗೆ ಏಳ್ಕೊಡ್ತೀಯಾ? ಸುಮ್ಕಿರು."

ಅತ್ತಿಬೆಲೆಯಿಂದ ಬಸುರಿ ಮಗಳನ್ನು ಕರೆತರಬೇಕಿತ್ತು. ಇವತ್ತು ಬರುತ್ತೇವೆಂದು ಕಾರ್ಡು ಹಾಕಿದ್ದೆ, ಕಾಯುತ್ತಿದ್ದಳು. ನಾಳೆ ಎಂಟನೇ ತಿಂಗಳು ಹಿಡಿಯುತ್ತದೆ. ಆ ತಿಂಗಳು ಬೀಗರು ಹೊಸಿಲು ದಾಟಿಸುವುದಿಲ್ಲ, ಬಸುರಿಯನ್ನು ಬಸ್ಸಿಗಂತೂ ಎಂದೂ ಹತ್ತಿಸುವುದಿಲ್ಲ. ಸಂಜೆ ಹೋಗುವ ದಾರಿಯಲ್ಲಿ ಬೊಮ್ಮಸಂದ್ರ ತಲುಪುವಷ್ಟರಲ್ಲಿ ಅದುರಿ ಅದುರಿ, ಪೈಪು ಸೇರುವ ಕಡೆ ಇಂಜಿನ್ನೇ ಸೀಳಿತು. "ಭಗವಂತಾ" ಎಂದು ರಸ್ತೆಬದಿ ಕೂತು ಅತ್ತುಬಿಟ್ಟೆ.

ಕಾರಿನಡಿಯಿಂದ ಇವರ ಕೂಗು: "ನೋಡೇ, ನಾನ್ ಆಕಿದ್ ಪೈಪ್‌ಗೆ ಏನೂ ಆಗಿಲ್ಲ!"

ಇನ್ನೊಂದು ತಿಂಗಳು ಮಗಳ ಬದಲು ಆ ಪೈಪಿನ ಮುಖ ನೋಡಿಕೊಂಡಿರಬೇಕು.