ದೇವಕ್ಕನ ಕಾಲ ಮೇಲಿನ ಸಾಹೇಬರು

ನೇಸರಗಿಯ ನಮ್ಮ ಓಣಿಯಲ್ಲಿ ಹುಟ್ಟಿದ ಯಾವ ಮನುಷ್ಯನಿಗೂ ಬಾಳಿನ ಮೊದಲ ಮರ್ಯಾದೆ ಸಿಕ್ಕಿದ್ದು ದೇವಕ್ಕನ ಬಾಯಿಂದ. ಬಚ್ಚಲಲ್ಲಿ ಮಣೆಯ ಮೇಲೆ ಕುಳಿತು, ಎರಡೂ ಕಾಲು ಮುಂದೆ ಚಾಚಿ, ಅವುಗಳ ಮೇಲೆ ಎಳೆಗೂಸನ್ನು ಮಲಗಿಸಿಕೊಂಡು ನೀರು ಎರೆಯುವಾಗ ಅವಳು ಬಹುವಚನ ಬಿಟ್ಟು ಮಾತಾಡಿದವಳಲ್ಲ. “ಅಳಬ್ಯಾಡ್ರಿ ಸಾಹೇಬರ, ನೀರು ಬೆಚ್ಚಗ ಅದಾವು. ಒಂಚೂರು ಈ ಕಡೆ ಹೊಳ್ರಿ.” ಸಾಹೇಬರು ಅಳು ನಿಲ್ಲಿಸಿ ಹೊರಳುತ್ತಿದ್ದರು. ಹೀಗೆ ಎರೆಸಿಕೊಂಡವರಲ್ಲಿ ಒಬ್ಬ ಪಂಚಾಯಿತಿ ಸದಸ್ಯನಾದ, ಒಬ್ಬ ಬಸ್ ಕಂಡಕ್ಟರಾದ, ಒಬ್ಬ ಅತ್ತೆಯ ಎದುರು ಮಾತಾಡುವಷ್ಟು ಧೈರ್ಯವಂತನಾದ. ಓಣಿಯ ಹೆಂಗಸರು ಇದರ ಕೀರ್ತಿಯನ್ನೆಲ್ಲ ಆ ಬಹುವಚನಕ್ಕೂ, ಹತ್ತಿಯ ಗಾದಿಯಂಥ ಆ ಎರಡು ಕಾಲುಗಳಿಗೂ ಹಂಚಿಕೊಟ್ಟಿದ್ದರು. ಸವದತ್ತಿ ಕಡೆಯಿಂದಲೂ ಬಾಣಂತಿಯರು ಕೂಸು ಎತ್ತಿಕೊಂಡು ಬರುತ್ತಿದ್ದರಂತೆ. ಬಂದದ್ದನ್ನು ಕಂಡವರು ಯಾರೂ ಇಲ್ಲ.

ಇಂಥ ದೇವಕ್ಕನ ಮಗಳು ಮಾಲಾ, ರಾಮದುರ್ಗದ ಗಂಡನ ಮನೆಯಿಂದ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಅದೇ ಹೊತ್ತಿಗೆ ದೇವಕ್ಕನ ಮೊಣಕಾಲುಗಳು ಮುಷ್ಕರ ಹೂಡಿದವು. ಊರ ಕೂಸುಗಳಿಗೆಲ್ಲ ಎರೆದವಳು ಸ್ವಂತ ಮೊಮ್ಮಗುವಿಗೆ ಎರೆಯಲಾರದೆ ಹೋದರೆ ಹೇಗೆ? ಬೈಲಹೊಂಗಲದ ಡಾಕ್ಟರು, “ತೂಕ ಇಳಿಸ್ರಿ, ಆದ್ರ ಸಾವಕಾಶ ಇಳಿಸ್ರಿ” ಎಂದರು. ಸಾವಕಾಶಕ್ಕೆ ವೇಳೆ ಎಲ್ಲಿದೆ? ಹೊಟ್ಟೆಯೊಳಗಿನ ಕೂಸು ಅಜ್ಜಿಯ ಮೊಣಕಾಲು ನೋಡಿಕೊಂಡು ಹುಟ್ಟುತ್ತದೆಯೇ?

ಮೊಬೈಲಿನಲ್ಲಿ ಒಬ್ಬ ಪುಣ್ಯಾತ್ಮ, ಹಲ್ಲು ವಿಪರೀತ ಬೆಳ್ಳಗಿದ್ದವನು, ರೊಟ್ಟಿ, ಅನ್ನ, ಬೇಳೆ ಎಲ್ಲವೂ ವಿಷವೆಂದು ಸಾರುತ್ತಿದ್ದ. ಮುಂಜಾನೆ ಲಿಂಬೆನೀರು, ಮಧ್ಯಾಹ್ನ ಸೌತೆಕಾಯಿ, ಸಂಜೆ ಮತ್ತೆ ಲಿಂಬೆನೀರು. ತಿಂಗಳೊಪ್ಪತ್ತಿನಲ್ಲಿ ಮೈ ಹಗುರ. ದೇವಕ್ಕ ಅಂದೇ ರೊಟ್ಟಿ ಬಿಟ್ಟಳು. ಊರ ಜೋಳವನ್ನೆಲ್ಲ ಬೀಸಿಕೊಡುವ ಹಿಟ್ಟಿನ ಗಿರಣಿಯ ಬಸವಣ್ಣೆಪ್ಪನ ಹೆಂಡತಿಯೇ ರೊಟ್ಟಿ ಬಿಟ್ಟ ಸುದ್ದಿ ಓಣಿಯಲ್ಲಿ ರಣಕಹಳೆಯಂತೆ ಮೊಳಗಿತು.

ಸೋಮವಾರಕ್ಕೊಮ್ಮೆ ಅವಳು ಗಿರಣಿಗೆ ಹೋಗಿ, ಜೋಳದ ಚೀಲ ತೂಗುವ ಕಾಟಾದ ಮೇಲೆ ಹತ್ತಿ ನಿಲ್ಲುತ್ತಿದ್ದಳು. ಮುಳ್ಳು ಇಳಿಯಿತು.

“ನೋಡ್ರಿ, ಚೀಲದಾಗ ಕಾಲ್ ಭಾಗ ಕರಗೇತಿ!”

“ಕರಗಲಿ ಬಿಡ” ಎಂದ ಬಸವಣ್ಣೆಪ್ಪ. “ಉಳದ ಚೀಲರ ನನಗ ಬೇಕಲ್ಲಾ? ಒಂದ ರೊಟ್ಟಿ ತಿನ್ನ.”

ಮುಳ್ಳಿನ ಸಂಗಡ ಬೇರೆಯವೂ ಇಳಿದವು. ಹಣಿಗೆಯ ತುಂಬ ಕೂದಲು ಬರತೊಡಗಿತು. ಎದ್ದು ನಿಂತರೆ ಕಣ್ಣಿಗೆ ಕತ್ತಲೆ. ಸಿಟ್ಟೊಂದೇ ದಿನದಿನಕ್ಕೆ ದಪ್ಪವಾಯಿತು. “ಯವ್ವಾ, ಬಸುರಿ ನಾನು, ಓಕರಿಸಾಕಿ ನೀನು!” ಎಂದು ಮಾಲಾ ನಗಾಡಿ ನೋಡಿದಳು, ಅತ್ತು ನೋಡಿದಳು. ಬಸವಣ್ಣೆಪ್ಪ ದಿನವೂ ಮಧ್ಯಾಹ್ನ ಒಂದು ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಅವಳ ಪಕ್ಕಕ್ಕೆ ಇಡುತ್ತಿದ್ದ. ಸಂಜೆ, ಹಾಗೆಯೇ ಉಳಿದ ಅದನ್ನು ಒಯ್ದು ಎಮ್ಮೆಗೆ ಹಾಕುತ್ತಿದ್ದ.

ಮಾಲಾಗೆ ಹೆಣ್ಣು ಕೂಸು ಹುಟ್ಟಿತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಮೊದಲ ಎರೆಯುವ ದಿನ ಬಂತು. ಹಂಡೆಯ ನೀರು ಹದವಾಗಿ ಕಾಯ್ದಿತ್ತು. ದೇವಕ್ಕ ಮಣೆಯ ಮೇಲೆ ಕುಳಿತು ಕಾಲು ಚಾಚಿದಳು. ಗಾದಿ ಇದ್ದ ಜಾಗದಲ್ಲಿ ಎರಡು ಬಿದಿರು. ಎಣ್ಣೆ ಹಚ್ಚಿದ ಕೂಸು ಆ ಎಲುಬಿನ ಮೇಲೆ ಚೀರಿತು.

“ಅಳಬ್ಯಾಡ್ರಿ ಬಾಯಿಸಾಹೇಬರ...”

ಮೊದಲ ತಂಬಿಗೆಯ ಅರ್ಧ ನೀರು ನಡುಗುವ ಕೈಯಿಂದ ನೆಲಕ್ಕೆ ಹೋಯಿತು. ಎರಡನೆಯದನ್ನು ಎತ್ತುವಾಗ ಬಚ್ಚಲಿನ ಗೋಡೆ ಸುತ್ತತೊಡಗಿತು. ವೀರರು ಇಂಥ ಹೊತ್ತಿನಲ್ಲಿ ಹಲ್ಲು ಕಚ್ಚಿ ಹೋರಾಡುತ್ತಾರೆ. ದೇವಕ್ಕ ತಂಬಿಗೆ ಕೆಳಗಿಟ್ಟಳು.

“ಮಾಲಾ, ಕೂಸ ತಗೋ. ಲಗೂನ ತಗೋ. ನನ್ನ ಕೈ ಮ್ಯಾಲ ನನಗ ನಂಬಿಕಿ ಇಲ್ಲ.”

ಮಾಲಾ ಕೂಸನ್ನು ಎತ್ತಿಕೊಂಡಳು. ದೇವಕ್ಕ ಗೋಡೆಗೆ ಒರಗಿದವಳು ಹಾಗೆಯೇ ಜಾರಿದಳು.

ಡಾಕ್ಟರು ಸಲಾಯಿನ್ ಹಚ್ಚಿ ಬೈದರು. “ಬರೇ ಬೊಜ್ಜ ಕರಗಿಲ್ಲವ್ವಾ, ತೊಡಿಯೊಳಗಿನ ಮಾಂಸಖಂಡಾನೂ ಕರಗೇತಿ. ಮೊಣಕಾಲ ಹಿಡದ ನಿಲ್ಲಸೂದ ಅದು. ಮೈಯಾಗ ಉಪ್ಪಿಲ್ಲ, ಸಕ್ಕರಿ ಇಲ್ಲ. ರೊಟ್ಟಿ, ಬ್ಯಾಳಿ, ಪಲ್ಲೆ ಎಲ್ಲಾ ಉಣ್ರಿ, ತುಸು ಕಡಿಮಿ ಉಣ್ರಿ. ಶಕ್ತಿ ಬಂದ ಮ್ಯಾಲ ಅಡ್ಡಾಡ್ರಿ.”

ಅಲ್ಲಿಯವರೆಗೆ ಎರೆಯಲು ಎದುರು ಮನೆಯ ಕಾಡವ್ವ ಬಂದಳು. ಪಡಸಾಲೆಯ ಹಾಸಿಗೆಯಲ್ಲಿ ಮಲಗಿದ್ದ ದೇವಕ್ಕನಿಗೆ ಬಚ್ಚಲಿನಿಂದ ದನಿ ಕೇಳಿಸಿತು: “ಏ ಗುಬ್ಬೀ, ಸುಮ್ನಿರ! ಎಷ್ಟ ಚೀರತಿ?”

“ಕೇಳಿದ್ರಿಲ್ಲೋ? ನನ್ನ ಮೊಮ್ಮಗಳಿಗೆ ಏ ಅಂತಾಳ ಅಕಿ!” ಗಂಡನನ್ನು ಕೂಗಿದ ದೇವಕ್ಕನ ಕಣ್ಣಲ್ಲಿ ನೀರು ತುಂಬಿತು.

ಬಸವಣ್ಣೆಪ್ಪ ಹಿಟ್ಟು ಮೆತ್ತಿದ ಕೈ ತೊಳೆದುಕೊಂಡು ಬಂದು ಪಕ್ಕದಲ್ಲಿ ಕುಳಿತ. ಬಿಸಿ ರೊಟ್ಟಿ ಮುರಿದು, ಬೇಳೆಯಲ್ಲಿ ನೆನೆಸಿ, ತುತ್ತು ಎತ್ತಿ ಹಿಡಿದ. “ಅಳಬ್ಯಾಡ್ರಿ ಬಾಯಿಸಾಹೇಬರ. ಬಾಯಿ ತಗೀರಿ.”

ಇಷ್ಟು ವರ್ಷದ ಸಂಸಾರದಲ್ಲಿ ಗಂಡನ ಬಾಯಿಂದ ಅವಳಿಗೆ ಸಿಕ್ಕ ಮೊದಲ ಬಹುವಚನ ಅದು. ದೇವಕ್ಕ ಅಳುತ್ತಲೇ ನಕ್ಕಳು. ನಕ್ಕ ಬಾಯಿಗೆ ತುತ್ತು ಹೋಯಿತು.

ಕೈಯ ನಡುಕ ನಿಂತಿತು. ಆಮೇಲೆ ಮನೆಯಿಂದ ಗಿರಣಿಗೆ, ಗಿರಣಿಯಿಂದ ಮನೆಗೆ ನಡೆದಾಟ ಸುರುವಾಯಿತು. ಕೂಸು ಕತ್ತು ನಿಲ್ಲಿಸುವ ಹೊತ್ತಿಗೆ ದೇವಕ್ಕ ಮತ್ತೆ ಮಣೆಯ ಮೇಲೆ ಕುಳಿತು ಕಾಲು ಚಾಚಿದಳು, ಒಂದು ಹನಿಯೂ ಆಚೆ ಚೆಲ್ಲದಂತೆ ಎರೆದಳು. ಬಾಯಿಸಾಹೇಬರು ಕಾಲ ಮೇಲೆಯೇ ನಿದ್ದೆಹೋದರು.

ಬಚ್ಚಲ ಬಾಗಿಲಲ್ಲಿ ನೆರೆದ ಹೆಂಗಸರಲ್ಲಿ ಒಬ್ಬಳು ಇದು ಎಲ್ಲಮ್ಮನ ಕೃಪೆ ಎಂದಳು; ಇನ್ನೊಬ್ಬಳು ಕಿತ್ತೂರಿನಿಂದ ಯಾವುದೋ ಬೇರು ತರಿಸಿದ್ದಾರೆಂದು ಆಣೆ ಮಾಡಿದಳು. ಕಾಡವ್ವನಿಗೆ ತಡೆಯಲಾಗಲಿಲ್ಲ.

“ಖರೇ ಹೇಳ ದೇವಕ್ಕಾ. ನೆಲಾ ಹಿಡದಾಕಿ ಎದ್ದ ಕುಂತಿ. ಹರಕಿ ಹೊತ್ತಿದ್ದಿಯೇನ, ಔಷಧಾ ತಗೊಂಡಿಯೇನ? ಏನ ಮಾಡಿದಿ?”

ದೇವಕ್ಕ ಕೂಸಿನ ತಲೆ ಒರೆಸುತ್ತ ಹೇಳಿದಳು:

“ಹಸಿವ್ಯಾಗಿತ್ತು. ಉಂಡೆ.”