ಜೀವಂತ ಕೋಶದ ಹಿಸ್ಟೋನೂ ನನ್ನದೊಂದು ಸುಳ್ಳೂ

ಮೊನ್ನೆ ರಜೆ ಮುಗಿಸಿ ಬಂದು ಕಾಲೇಜಿನ ಪ್ರಯೋಗಾಲಯದ ಕಪಾಟು ತೆರೆದೆ. ಎರಡು ತಿಂಗಳು ಒಳಗೇ ಕುಳಿತಿದ್ದ ಫಾರ್ಮಲಿನ್ ವಾಸನೆ ಒಮ್ಮೆಲೇ ಹೊರಬಂದು ಕಣ್ಣಲ್ಲಿ ನೀರು ತರಿಸಿತು. ನೀವು ವಿಜ್ಞಾನ ಓದಿದವರಾದರೆ ಈ ವಾಸನೆ ಮರೆತಿರಲಾರಿರಿ. ಗಾಜಿನ ಭರಣಿಯಲ್ಲಿ ಕಪ್ಪೆ, ಹಾವುಗಳು ಕೊಳೆಯದೆ ವರ್ಷಗಟ್ಟಲೆ ನಿಲ್ಲುವುದು ಇದರ ದಯೆಯಿಂದ. ಶಿಗ್ಗಾಂವಿಯಲ್ಲಿ ಜೀವಶಾಸ್ತ್ರ ಕಲಿಸುತ್ತ ನನ್ನ ಅರ್ಧ ಆಯುಷ್ಯ ಇಂಥ ಭರಣಿಗಳ ನಡುವೆಯೇ ಕಳೆದಿದೆ. ಆ ಕೋಣೆಯಲ್ಲಿ ಜೀವವಿರುವುದು ನನಗೊಬ್ಬನಿಗೇ, ಅದೂ ಊಟದ ನಂತರ ಅನುಮಾನ ಎಂದು ಸಹೋದ್ಯೋಗಿಗಳು ನಗುತ್ತಾರೆ.

ಆ ವಾಸನೆಗೆ ರೆಹಾನಾ ನೆನಪಾದಳು. ಸವಣೂರಿನವಳು; ಅಪ್ಪನದು ವೀಳ್ಯದೆಲೆಯ ವ್ಯಾಪಾರ. ಪಿಯುಸಿಗೆ ನನ್ನ ಕಾಲೇಜಿಗೆ ದಿನವೂ ಬಸ್ಸಿನಲ್ಲಿ ಬರುತ್ತಿದ್ದಳು. ಒಂದು ದಿನ ಉಳ್ಳಾಗಡ್ಡಿ ಬೇರಿನ ಪ್ರಯೋಗ ಮಾಡಿಸುತ್ತಿದ್ದೆ. ಬೇರಿನ ತುದಿಯನ್ನು ಆಸಿಡ್ಡಿನಲ್ಲಿ ಬಿಸಿ ಮಾಡಿ, ಬಣ್ಣ ಹಚ್ಚಿ, ಗಾಜಿನ ನಡುವೆ ಹೆಬ್ಬೆರಳಿನಿಂದ ಒತ್ತಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ, ಒಂದು ಕೋಶ ಎರಡಾಗುವ ಹಂತಗಳು ಕಾಣುತ್ತವೆ. ರೆಹಾನಾ ಬಹಳ ಹೊತ್ತು ನೋಡಿ ತಲೆ ಎತ್ತಿದಳು.

“ಸರ, ಇವು ಎಲ್ಲಾ ಸತ್ತಾವಲ್ರಿ?”

“ಸಾಯದೇ ಇದ್ರ ಬಣ್ಣ ಹೆಂಗ ಹಿಡೀತದವಾ?”

“ಹಂಗಾದ್ರ ಜೀವ ಇದ್ದ ಸೆಲ್ ಒಡದು ಎರಡಾಗೋದನ್ನ ನೀವು ನೋಡೀರೇನ್ರಿ?”

ಇಡೀ ತರಗತಿ ನನ್ನತ್ತ ತಿರುಗಿತು. ವರ್ಷಕ್ಕೊಮ್ಮೆ ಬಣ್ಣದ ಸೀಮೆಸುಣ್ಣದಲ್ಲಿ ಕೋಶವಿಭಜನೆ ಬರೆದು ಚಪ್ಪಾಳೆ ಗಿಟ್ಟಿಸಿಕೊಂಡವನು ಇಲ್ಲ ಎನ್ನುವುದು ಹೇಗೆ?

“ಹೌದು, ನೋಡೇನಿ! ಎಂಥಾ ಚಂದ ಕಾಣ್ತದ ಅಂತಿ!” ಎಂದುಬಿಟ್ಟೆ.

ನೋಡಿರಲಿಲ್ಲ. ಸಂಜೆಯ ಹೊತ್ತಿಗೆ ನಾನದನ್ನು ಮರೆತೂ ಬಿಟ್ಟೆ. ಸಣ್ಣ ಸುಳ್ಳುಗಳ ಅನುಕೂಲವೇ ಅದು, ಅಲ್ಲವೇ?

ಎಷ್ಟೋ ವರ್ಷಗಳ ಮೇಲೆ ಸಂಬಂಧಿಕರ ಮದುವೆಗೆಂದು ದೊಡ್ಡ ಊರಿಗೆ ಹೋಗಿದ್ದೆ. ರೆಹಾನಾ ಅಲ್ಲಿಯೇ ಸಂಶೋಧನೆ ಮಾಡುತ್ತಿದ್ದಳು. ಸುದ್ದಿ ತಿಳಿದು ಫೋನ್ ಮಾಡಿದಳು: “ಸರ, ನಮ್ಮ ಲ್ಯಾಬಿಗೆ ಬರ್ರಿ. ನಿಮಗ ಒಂದು ತೋರಸೂದದ.” ಮದುವೆ ಮರುದಿನವಿದ್ದುದರಿಂದ ಆ ದಿನ ಬಿಡುವಿತ್ತು. ಬೆಳಿಗ್ಗೆಯೇ ಹೋದೆ.

ಅವಳ ಕೆಲಸ ಹಿಸ್ಟೋನ್‌ಗಳದು. ನಮ್ಮ ಬಹುತೇಕ ಎಲ್ಲ ಕೋಶಗಳೊಳಗೂ ಡಿಎನ್‌ಎ ಎಂಬ ಉದ್ದನೆಯ ಎಳೆಯಿದೆಯಲ್ಲ, ಅದು ಸುತ್ತಿಕೊಂಡಿರುವ ಪ್ರೋಟೀನ್ ಉಂಡೆಗಳೇ ಹಿಸ್ಟೋನ್‌ಗಳು. ಅವುಗಳ ಮೇಲೆ ಕೋಶವು ಸಣ್ಣ ಸಣ್ಣ ರಾಸಾಯನಿಕ ಗುರುತು ಹಚ್ಚುತ್ತದೆ, ಅಳಿಸುತ್ತದೆ. ಎಳೆಯ ಯಾವ ಭಾಗವನ್ನು ಬಿಚ್ಚಿ ಓದಬೇಕು, ಯಾವುದನ್ನು ಮುಚ್ಚಿಡಬೇಕು ಎಂಬುದರಲ್ಲಿ ಆ ಗುರುತುಗಳ ಕೈವಾಡವಿದೆ. ಕೋಶ ಒಡೆಯುವ ಮೊದಲು ಹೆಚ್ಚುವ ಗುರುತೂ ಒಂದಿದೆ.

“ಫಾರ್ಮಲಿನ್ ಹಾಕಿ ಸಾಯಿಸಿ ನೋಡಿದ್ರ, ಆ ಗಳಿಗ್ಯಾಗ ಗುರುತು ಎಲ್ಲಿತ್ತು ಅನ್ನೋದಷ್ಟ ತಿಳೀತದರಿ,” ಎಂದಳು. “ಅದು ಯಾವಾಗ ಬಂತು, ಯಾವಾಗ ಹೋತು ಅನ್ನೋದು ತಿಳ್ಯಂಗಿಲ್ಲ.”

ಜೀವಂತ ಕೋಶದಲ್ಲಿ ನೋಡುವ ಉಪಾಯ ಹೀಗಿತ್ತು. ಆ ಒಂದು ಗುರುತನ್ನೇ ಹುಡುಕಿ ಹಿಡಿಯುವ ಆ್ಯಂಟಿಬಾಡಿ ತೆಗೆದುಕೊಂಡು, ಹಿಡಿಯುವ ತುದಿಯ ತುಣುಕನ್ನಷ್ಟೇ ಉಳಿಸಿ, ಹೊಳೆಯುವ ಬಣ್ಣ ಕಟ್ಟುತ್ತಾರೆ. ಆದರೆ ಕೋಶ ಅದನ್ನು ಸುಮ್ಮನೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ರೆಹಾನಾ ಗಾಜಿನ ತಟ್ಟೆಯಲ್ಲಿ ಬೆಳೆಸಿದ್ದ ಕೋಶಗಳ ಮೇಲೆ ಆ ತುಣುಕುಗಳಿದ್ದ ದ್ರಾವಣದ ಹನಿ ಹಾಕಿ, ರವೆಗಿಂತ ಸಣ್ಣ ಗಾಜಿನ ಮಣಿಗಳನ್ನು ಉದುರಿಸಿದಳು. ತಟ್ಟೆಯನ್ನು ಟೇಬಲ್ಲಿಗೆ ಟಕ್ ಟಕ್ ಎಂದು ಮೆಲ್ಲಗೆ ಬಡಿದಳು.

“ಇಷ್ಟು ದೊಡ್ಡ ಮಷೀನ್ ಇಟಗೊಂಡು ಇದೇನವಾ ಇದು?”

“ಮಣಿ ಬಿದ್ದಲ್ಲೆ ಸಣ್ಣ ತೂತು ಬೀಳ್ತಾವ್ರಿ. ಅದರಾಗ ತುಣುಕು ಒಳಗ ಹೋಗ್ತದ. ಕೆಲವು ಸೆಲ್ ಸಾಯ್ತಾವ. ಉಳದವು ತಾವಾಗೇ ಗಾಯ ಮುಚ್ಚಿಕೊಳ್ತಾವ.”

ತೊಳೆದು, ಬೆಚ್ಚಗಿಟ್ಟು, ಕೆಲವು ತಾಸು ವಿಶ್ರಾಂತಿ ಕೊಟ್ಟಳು. ಮಧ್ಯಾಹ್ನ ಕತ್ತಲೆಯ ಕೋಣೆಯೊಂದರಲ್ಲಿ ಮೈಕ್ರೋಸ್ಕೋಪಿನ ಪರದೆಯ ಮುಂದೆ ಕುಳಿತೆವು. ಮಂಕು ಹಸಿರಿನ ಕೋಶಕೇಂದ್ರಗಳು ಕಂಡವು. ಒಂದು ನಿಧಾನಕ್ಕೆ ಹೊಳೆಯತೊಡಗಿತು. ನಾನು ಮುಂದೆ ಬಾಗುವಷ್ಟರಲ್ಲಿ ಅದು ಮುದುಡಿ, ಗುಳ್ಳೆ ಗುಳ್ಳೆಯಾಗಿ ಸತ್ತುಹೋಯಿತು. ರೆಹಾನಾ ಕೋಶಗಳ ಮೇಲೆ ಬೀಳುವ ಬೆಳಕು ತಗ್ಗಿಸಿ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

“ಸತ್ತದ್ದನ್ನ ಯಾಕ ಬರೀತಿ?”

“ನಾವು ಹಾಕಿದ ಬೆಳಕ ಅದನ್ನ ಕೊಂದಿದ್ರ, ನಾವು ನೋಡಿದ್ದು ಖರೇ ಅಲ್ಲಲ್ರಿ, ಸರ. ಬರೀಲೇಬೇಕು.”

ತರಗತಿಯಲ್ಲಿ ನಾನಾಡಿದ ಹಳೆಯ ಮಾತು ಆಗ ನೆನಪಾಯಿತು.

ಬಹಳ ಹೊತ್ತಿನ ಮೇಲೆ ಇನ್ನೊಂದು ಕೋಶ ಹೊಳೆಯಿತು. ಬೆಳಕು ಗಟ್ಟಿಯಾಗುತ್ತ ತುಂಡು ತುಂಡು ಎಳೆಗಳಾಯಿತು. ಎಳೆಗಳು ತೂರಾಡುತ್ತ, ತಡಕಾಡುತ್ತ ನಡುವೆ ಸಾಲುಗಟ್ಟಿದವು. ನನ್ನ ಸೀಮೆಸುಣ್ಣದ ಚಿತ್ರದಲ್ಲಿ ಅವು ಎಂದೂ ಹೀಗೆ ನಡುಗಿರಲಿಲ್ಲ. ಇನ್ನೇನು ಹೀಗೇ ನಿಲ್ಲುತ್ತವೆ ಎಂದುಕೊಳ್ಳುವಾಗ ಒಮ್ಮೆಲೇ ಎರಡು ಪಾಲಾಗಿ ಅತ್ತ ಇತ್ತ ಸರಿದವು. ಆಮೇಲೆ ಎರಡರಲ್ಲೂ ಬೆಳಕು ಮೆಲ್ಲಗೆ ಇಳಿಯಿತು. ಅಷ್ಟು ಹೊತ್ತೂ ನಾನು ಕುರ್ಚಿ ಬಿಟ್ಟು ಅಲುಗಿರಲಿಲ್ಲ.

“ನೀವು ಹೇಳಿದಂಗನ ಅದನಲ್ರಿ?” ರೆಹಾನಾ ಕೇಳಿದಳು. “ಅವತ್ತ ನೀವು ಎಂಥಾ ಚಂದ ಅಂದಿದ್ರಿ. ನಾನೂ ಒಮ್ಮೆ ನೋಡಬೇಕಂತನ ಈ ಹಾದಿ ಹಿಡದೆ.”

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

“ರೆಹಾನಾ, ಅವತ್ತ ನಾ ಸುಳ್ಳ ಹೇಳಿದ್ದೆನವಾ. ನಾ ನೋಡಿದ್ದು ಇವತ್ತ ಮೊದಲ.”

ಅವಳು ನೋಟ್‌ಬುಕ್ಕಿನಲ್ಲಿ ಆ ಕೋಶದ ಸಮಯ ಬರೆದು ಪೆನ್ನು ಕೆಳಗಿಟ್ಟಳು.

“ಇಲ್ಲ ಅಂದಿದ್ರೂ ನಾನು ಇದನ್ನ ಓದತಿದ್ದೆರಿ,” ಎಂದಳು. “ಯಾರೂ ನೋಡಿಲ್ಲ ಅಂದ್ರ ಇನ್ನೂ ಹೆಚ್ಚಿಗಿ ಓದತಿದ್ದೆ. ಆದ್ರ ಸರ, ಆವಾಗನ ಹೇಳಬೇಕಿತ್ತರಿ.”

ಹೌದೆಂದು ತಲೆಯಾಡಿಸಿದೆ. ಹೊರಡುವಾಗ ಅವಳು ಬಸ್ ನಿಲ್ದಾಣದವರೆಗೂ ಬಂದು ಕಳಿಸಿದಳು.

ಈ ವರ್ಷದ ತರಗತಿ ನಿನ್ನೆ ಶುರುವಾಯಿತು. ಇದನ್ನೆಲ್ಲ, ಸುಳ್ಳನ್ನೂ ಸೇರಿಸಿ, ಮಕ್ಕಳಿಗೆ ಹೇಳಿದೆ. ಹಿರೇಕೆರೂರ ಕಡೆಯ ಹುಡುಗಿಯೊಬ್ಬಳು ಎದ್ದು ನಿಂತಳು.

“ಸರ, ಒಂದು ಎರಡಾದ ಮ್ಯಾಲೆ ಹಿಸ್ಟೋನಿನ ಗುರುತುಗಳು ಎರಡಕ್ಕೂ ಹೋಗ್ತಾವೇನ್ರಿ?”

“ಗೊತ್ತಿಲ್ಲವಾ,” ಎಂದೆ. ಹೇಳುವುದು ನಾನಂದುಕೊಂಡಷ್ಟು ಕಷ್ಟವಿರಲಿಲ್ಲ. ಅಲ್ಲಿಯೇ ರೆಹಾನಾಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಇಟ್ಟು, ಹುಡುಗಿಯ ಪ್ರಶ್ನೆ ಹೇಳಿದೆ.

“ಕೆಲವು ಹೋಗ್ತಾವ, ಕೆಲವು ಅಳಿಸಿ ಹೋಗ್ತಾವ. ಹೆಂಗ ಅನ್ನೋದು ನಮಗೂ ಪೂರಾ ಗೊತ್ತಿಲ್ಲರಿ,” ಎಂದಳು. ಆಮೇಲೆ ಕೇಳಿದಳು: “ಕೇಳಿದಾಕಿ ಯಾರರಿ, ಸರ?”

ಫೋನನ್ನು ಆ ಹುಡುಗಿಯ ಕೈಗೆ ಕೊಟ್ಟು, ನಾನು ಹೋಗಿ ಕೊನೆಯ ಬೆಂಚಿನಲ್ಲಿ ಕುಳಿತೆ.